ಮರಳುಗಾಡಿನ ಶಿಬಿರದಿಂದ ಬಂದವರ ನಿದ್ದೆ ಕೆಟ್ಟಿತು

ಗುರುತು ಸಿಗದ ಹಾಗೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ. ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದವರನ್ನು ಇಲ್ಲಿ ಟೀಚರ್ ಎಂದೇ ಕರೆಯೋಣ. ಕಾಸರಗೋಡಿನ ಒಳನಾಡಿನ ಕನ್ನಡ ಮಾಧ್ಯಮ ಶಾಲೆಯವರು, ನಲವತ್ತರ ಹತ್ತಿರ. ಗಂಡ ಗಲ್ಫ್‌ನಲ್ಲಿ. ಮನೆಯಲ್ಲಿ ಅತ್ತೆ ಮತ್ತು ಎಂಟನೇ ಕ್ಲಾಸಿನ ಮಗ. ತಾಯಿ ತೀರಿಕೊಂಡ ಮೇಲೆ ಹಿಡಿದ ಖಿನ್ನತೆಗೆ ಎರಡು ವರ್ಷದಿಂದ ಮನೋವೈದ್ಯರ ಚಿಕಿತ್ಸೆಯಲ್ಲಿದ್ದರು; ದಿನಕ್ಕೆ ಎಸ್ಸಿಟಲೋಪ್ರಾಮ್ 10 ಮಿ.ಗ್ರಾಂ. ಮಾತ್ರೆ ಒಗ್ಗಿತ್ತು, ಶಾಲೆಗೆ ತಪ್ಪದೆ ಹೋಗುತ್ತಿದ್ದರು.

ಜನವರಿಯಲ್ಲಿ ಜೈಸಲ್ಮೇರ್ ಕಡೆಯ ಮರಳುದಿಬ್ಬಗಳ ನಡುವೆ 7 ದಿನದ ಧ್ಯಾನ ಶಿಬಿರಕ್ಕೆ ಹೋದರು. ಬೆಳಿಗ್ಗೆ 5ಕ್ಕೆ ಪ್ರಾಣಾಯಾಮ, ಮಧ್ಯಾಹ್ನದವರೆಗೆ ಮೌನ, ಊಟದ ಮೇಲೆ ಬಣ್ಣ-ಮಣ್ಣಿನ ಕೆಲಸ, ರಾತ್ರಿ ಬೆಂಕಿಯ ಸುತ್ತ ಕುಣಿತ. ಮಲಗುವಾಗ 12 ಗಂಟೆ ಆಗುತ್ತಿತ್ತು. ಊರಿಗೆ ಬಂದ ಆರನೇ ದಿನ ನಮ್ಮಲ್ಲಿಗೆ ಬಂದರು.

"ಎಲ್ಲ ಗಾಜಿನ ಆಚೆ ಇದ್ದ ಹಾಗೆ ಕಾಣ್ತದೆ ಮೇಡಂ. ಮಗ ಅಮ್ಮಾ ಅಂದರೆ ಯಾರನ್ನೋ ಕರೆದ ಹಾಗೆ. ತಲೆಯ ಒಳಗೆ ಆಗಾಗ ಕರೆಂಟು ಹೊಡೀತದೆ."

ಅತ್ತೆಯವರಿಗೆ ಇದು ದೈವದ ಉಪದ್ರ, ಜೋಯಿಸರಲ್ಲಿ ಕೇಳಬೇಕು. ಗಂಡನಿಗೆ ಇದು ದುಡ್ಡು ಕೊಟ್ಟು ತಂದುಕೊಂಡ ಕಾಯಿಲೆ. ಶಿಬಿರದವರ ಪ್ರಕಾರ ಒಳಗಿನ ಶುದ್ಧಿ ಅರ್ಧಕ್ಕೆ ನಿಂತಿದೆ, ಎರಡನೇ ಹಂತಕ್ಕೆ ಬಂದರೆ ಪೂರ್ತಿಯಾಗುತ್ತದೆ. ಟೀಚರ್ ಕೇಳಿದ್ದು ಒಂದೇ: ಹೋಗಲೋ ಬೇಡವೋ?

ಉತ್ತರ ಕೊಡುವ ಮೊದಲು ಆ ಏಳು ದಿನಗಳನ್ನು ಗಂಟೆಗಂಟೆಯಾಗಿ ಬರೆಸಿದೆವು. ಇಂಥ ಪ್ರಕರಣದಲ್ಲಿ "ಧ್ಯಾನದಿಂದ ಹೀಗಾಯಿತು" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಸಲಹೆಯೂ ತಪ್ಪುತ್ತದೆ. ಬರೆದು ನೋಡಿದಾಗ ಒಂದರ ಮೇಲೊಂದು ಬಿದ್ದ ನಾಲ್ಕು ಸಂಗತಿ ಕಂಡವು.

ಮೊದಲನೆಯದು ಮಾತ್ರೆ. "ಇಲ್ಲಿ ಕೆಮಿಕಲ್ ಬೇಡ" ಎಂದು ಯಾರೋ ಹೇಳಿದ್ದಕ್ಕೆ ಮೊದಲ ದಿನವೇ ನಿಲ್ಲಿಸಿದ್ದರು. ಈ ಜಾತಿಯ ಮಾತ್ರೆ ಚಟ ಹಿಡಿಸುವಂಥದ್ದಲ್ಲ. ಆದರೆ ಒಮ್ಮೆಲೇ ಬಿಟ್ಟರೆ ಕೆಲವು ದಿನಗಳಲ್ಲಿ ತಲೆಸುತ್ತು, ಸಿಡುಕು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದ ಅನುಭವ ಬರುವುದುಂಟು. ಕರೆಂಟಿನ ಮಾತು ಕೇಳಿದ ಕೂಡಲೇ ನಮ್ಮ ಮೊದಲ ಪ್ರಶ್ನೆ ಮಾತ್ರೆಯ ಬಗ್ಗೆಯೇ ಇತ್ತು. ಎರಡನೆಯದು ನಿದ್ದೆ: ಏಳು ರಾತ್ರಿಯೂ ನಾಲ್ಕೂವರೆ ಗಂಟೆ ದಾಟಿಲ್ಲ.

ಮೂರನೆಯದು ನೀರು. ನಮ್ಮ ಕರಾವಳಿಯಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ರವಿಕೆ ಒದ್ದೆಯಾದಾಗ ನೀರು ಕುಡಿಯಬೇಕೆಂದು ತಿಳಿಯುತ್ತದೆ. ಮರಳುಗಾಡಿನ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಜನವರಿಯ ರಾತ್ರಿ ಅಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುವುದರಿಂದ ಬಾಯಾರಿಕೆಯೂ ಅಷ್ಟಾಗಿ ಆಗುವುದಿಲ್ಲ. ಸಾಲದ್ದಕ್ಕೆ ಎರಡು ದಿನ ಹಣ್ಣಿನ ರಸ ಮಾತ್ರ. ಟೀಚರ್ ದಿನಕ್ಕೆ ಕುಡಿದದ್ದು ಒಂದು ಲೀಟರ್ ಬಾಟಲಿ.

ನಾಲ್ಕನೆಯದು ಉಸಿರು, ಅವರನ್ನು ಹೆಚ್ಚು ಹೆದರಿಸಿದ್ದು ಇದೇ. ನಾಲ್ಕನೇ ದಿನ ಸಂಜೆ ಮಲಗಿಸಿ, ಜೋರು ಸಂಗೀತ ಹಾಕಿ, ನಡುವೆ ನಿಲ್ಲಿಸದೆ ಬಾಯಿಯಿಂದ ವೇಗವಾಗಿ 40 ನಿಮಿಷ ಉಸಿರಾಡಿಸಿದ್ದರು. ಹತ್ತು ನಿಮಿಷದೊಳಗೆ ತುಟಿ ಜುಮುಗುಟ್ಟಿತು. ಆಮೇಲೆ ಎರಡೂ ಕೈಯ ಬೆರಳು ಸೆಟೆದು, ಹೆಬ್ಬೆರಳು ಅಂಗೈಗೆ ಮಡಚಿ, ಕೋಳಿಕಾಲಿನ ಹಾಗಾದವು. ಬಿಡಿಸಲು ನೋಡಿದರೂ ಬಿಡಲಿಲ್ಲ. ಜೋರಾಗಿ ಅತ್ತರು. ಪಕ್ಕದಲ್ಲಿದ್ದವರು ಹಳೆಯ ನೋವು ಕೈಯಿಂದ ಹೊರಗೆ ಬರುತ್ತಿದೆ, ಉಸಿರು ನಿಲ್ಲಿಸಬೇಡಿ ಎಂದರು.

ಅದು ಹಳೆಯ ನೋವಲ್ಲ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ರಕ್ತ ಕ್ಷಾರದ ಕಡೆಗೆ ಜಾರುತ್ತದೆ, ಅದರಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಜುಮುಗುಟ್ಟುವುದು, ಬೆರಳು ಸೆಟೆಯುವುದು ಅದರಿಂದ. ಮಿದುಳಿನ ರಕ್ತನಾಳಗಳೂ ಕಿರಿದಾಗುವುದರಿಂದ ಸುತ್ತಲಿನದೆಲ್ಲ ದೂರ ಸರಿದ ಹಾಗೆ, ಕನಸಿನ ಹಾಗೆ ಕಾಣುತ್ತದೆ. ಉಸಿರು ನಿಧಾನ ಮಾಡಿದರೆ ಸಾಮಾನ್ಯವಾಗಿ ತಾನೇ ಬಿಡುತ್ತದೆ. ಇಷ್ಟನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಟೀಚರ್ ತಮ್ಮ ಹೆಬ್ಬೆರಳನ್ನು ಮಡಚಿ ಬಿಡಿಸಿ ನೋಡಿಕೊಂಡರು. ಅತ್ತದ್ದು ಸುಳ್ಳೆಂದು ನಾವು ಹೇಳಲಿಲ್ಲ. ತಾಯಿಯ ದುಃಖ ನಿಜ. ಬೆರಳು ಸೆಟೆದದ್ದಕ್ಕೆ ಅದು ಕಾರಣವಲ್ಲ, ಅಷ್ಟೆ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಅದೇ ದಿನ ಹಳೆಯ ಮನೋವೈದ್ಯರನ್ನು ಕಾಣುವುದು. ಮಾತ್ರೆ ಮತ್ತೆ ಶುರು ಮಾಡುವುದು, ಎಷ್ಟು ಮಾಡುವುದು ಆಪ್ತಸಲಹೆಗಾರರು ಹೇಳುವ ಮಾತಲ್ಲ. ಏಳು ದಿನದ ಚೀಟಿಯನ್ನೇ ಕೊಟ್ಟು ಕಳಿಸಿದೆವು. ವೈದ್ಯರು ರಕ್ತದೊತ್ತಡ, ಸೋಡಿಯಂ, ಥೈರಾಯ್ಡ್ ನೋಡಿ ಮಾತ್ರೆ ಮುಂದುವರಿಸಿದರು. ಒಂದು ಮಾತು ಇಲ್ಲಿಯೇ ಹೇಳಬೇಕು: ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಅಂಥವರು ವೈದ್ಯರನ್ನು ಕೇಳದೆ ಮರಳುಗಾಡಿಗೆ ಹೊರಡಲೇಬಾರದು.

ಮೂರು ವಾರ ಕಣ್ಣು ಮುಚ್ಚಿ ಕೂರುವ ಧ್ಯಾನ, ವೇಗದ ಉಸಿರಿನ ಭಸ್ತ್ರಿಕಾ, ಕಪಾಲಭಾತಿ ಯಾವುದೂ ಬೇಡವೆಂದೆವು. ಒಳಗೆ ನೋಡಿ ನೋಡಿ ದೂರವಾದವರನ್ನು ಮತ್ತೆ ಒಳಗೇ ನೋಡಿ ಎನ್ನಬಾರದು. ಬದಲಿಗೆ ಕಣ್ಣು ತೆರೆದೇ ಮಾಡುವ ಕೆಲಸ. ಗಾಜಿನ ಅನುಭವ ಬಂದ ಕೂಡಲೇ ಚಪ್ಪಲಿ ಬಿಟ್ಟು ಅಡುಗೆಮನೆಯ ತಣ್ಣನೆ ನೆಲದ ಮೇಲೆ ನಿಲ್ಲುವುದು, ಹಿಮ್ಮಡಿ ಒತ್ತುವುದು, ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳುವುದು, ಒಗ್ಗರಣೆಗೆ ಇಟ್ಟ ಕರಿಬೇವನ್ನು ಹಿಸುಕಿ ಮೂಸುವುದು. ಉಸಿರು ಬೇಕೇ ಬೇಕೆಂದರೆ ಕೂತು, ಮೂಗಿನಿಂದ, 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. 5 ನಿಮಿಷ ಸಾಕು. ರಾತ್ರಿ ನಿದ್ದೆ ಬರಲಿ ಬಿಡಲಿ ಬೆಳಿಗ್ಗೆ 6ಕ್ಕೆ ಏಳುವುದು, ಮಧ್ಯಾಹ್ನದ ಮೇಲೆ ಕಾಫಿ ಇಲ್ಲ.

ಶಿಬಿರದಲ್ಲಿ ಬರೆದ ಚಿತ್ರಗಳನ್ನು ತಂದಿದ್ದರು. ಒಂದು ಮಂಡಲದ ನಡುಭಾಗ ಖಾಲಿ ಬಿಟ್ಟಿತ್ತು. ಇದರ ಅರ್ಥ ಏನು ಮೇಡಂ ಎಂದರು. ಚಿತ್ರ ನೋಡಿ ಅರ್ಥ ಹೇಳುವುದು ಕವಡೆ ಶಾಸ್ತ್ರಕ್ಕೆ ಹತ್ತಿರದ ಕೆಲಸ. ಬರೆಯುವಾಗ ಕೈ ಯಾಕೆ ನಿಂತಿತು ಎಂದು ತಿರುಗಿ ಕೇಳಿದೆವು. "ಹಳದಿ ಮುಗಿದಿತ್ತು" ಎಂದು ನಕ್ಕರು. ಆರು ದಿನದಲ್ಲಿ ಮೊದಲ ನಗು ಎಂದು ಆಮೇಲೆ ಅತ್ತೆ ಹೇಳಿದರು. ತಾಯಿಯ ಬಗ್ಗೆ ಬರೆಯುವ ಆಸೆ ಇತ್ತು. ನಿದ್ದೆ ಕೂಡಿಬಂದ ಮೇಲೆ, ಹಗಲಿನಲ್ಲಿ, ಗಡಿಯಾರ ಇಟ್ಟು 15 ನಿಮಿಷ, ನಾಲ್ಕು ದಿನ ಮಾತ್ರ ಎಂದೆವು. ಅಪರಿಚಿತರ ವೃತ್ತದಲ್ಲಿ ಓದಿ ಹೇಳುವ ಹಂಗು ಇಲ್ಲ.

ದೈವದ ಮಾತಿನಲ್ಲಿ ಅತ್ತೆಯೊಡನೆ ವಾದ ಬೇಡವೆಂದೆವು. ಕಾಣಿಕೆ ಹೇಳಿಕೊಳ್ಳಲಿ. ಆದರೆ ಮುಂದಿನ ವಾರದ ಕೋಲಕ್ಕೆ ಸೊಸೆ ರಾತ್ರಿಯಿಡೀ ಕೂರುವುದು, ಉಪವಾಸ ಮಾಡುವುದು ಈ ಸಲ ಬೇಡ. ಅತ್ತೆಗೇ ನೇರ ಹೇಳಿದೆವು: "ಅಮ್ಮಾ, ಅವರಿಗೆ ಈಗ ನಿದ್ದೆಯೇ ಮದ್ದು. ಪ್ರಸಾದ ನೀವೇ ತನ್ನಿ." ಒಪ್ಪಿದರು. ಎರಡು ರಾತ್ರಿ ನಿದ್ದೆಯೇ ಇಲ್ಲದೆ ಆಯಾಸವೂ ಕಾಣದಿದ್ದರೆ, ಯಾರೂ ಇಲ್ಲದಾಗ ದನಿ ಕೇಳಿದರೆ, ತನಗೆ ವಿಶೇಷ ಸಂದೇಶ ಬಂದಿದೆ ಎಂದರೆ, ಸಾಯುವ ಮಾತು ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ. ಟೆಲಿ ಮಾನಸ್ 14416 ಮತ್ತು ಕೇರಳದ ದಿಶಾ 1056, ಈ ಎರಡು ಸಹಾಯವಾಣಿಗಳ ನಂಬರನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು ಮಗ.

ಕುಣಿತವನ್ನು ಮಾತ್ರ ಬಿಡಿಸಲಿಲ್ಲ. ಗಂಟೆಗಂಟೆಯ ಚೀಟಿಯಲ್ಲಿ "ಹಗುರವಾಯಿತು" ಎಂದು ಬರೆದದ್ದು ಬೆಂಕಿಯ ಸುತ್ತಿನ ಕುಣಿತದ ಎದುರು ಮಾತ್ರ. ವಿಚಾರಿಸಿದರೆ ಪ್ಲಸ್ ಟು ಮುಗಿಯುವವರೆಗೆ ಹುಡುಗಿಯರ ಯಕ್ಷಗಾನ ತಂಡದಲ್ಲಿ ಹೆಜ್ಜೆ ಕಲಿತವರು, ಮದುವೆಯ ನಂತರ ಗೆಜ್ಜೆ ಅಟ್ಟ ಸೇರಿತ್ತು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ಕುಣಿಯಲು ಥಾರ್ ಮರಳುಗಾಡಿನವರೆಗೆ ಹೋಗಬೇಕಾಯಿತು ನೋಡಿ. ಮೂರನೇ ವಾರ, ನಿದ್ದೆ 6 ಗಂಟೆಗೆ ಬಂದ ಮೇಲೆ, ಸಂಜೆ 20 ನಿಮಿಷ ಏಕತಾಳದ ಹೆಜ್ಜೆ ಶುರು ಮಾಡಿಸಿದೆವು. ನೆಲ ತಟ್ಟಿ ಎಣಿಸುವ ಹೆಜ್ಜೆ ಮನಸ್ಸನ್ನು ಕಾಲಿಗೆ ತರುತ್ತದೆ. ಗಿರಕಿ ಹೊಡೆಯುವ ಧೀಂಗಿಣ ಬೇಡ, ಸುತ್ತಿದರೆ ತಲೆಸುತ್ತು ಮರಳಿ ಬಂದು ಹಳೆಯ ಹೆದರಿಕೆ ಎಬ್ಬಿಸಬಹುದು.

ಎರಡನೇ ಹಂತದ ಪ್ರಶ್ನೆಗೆ ಐದನೇ ಭೇಟಿಯಲ್ಲಿ ಉತ್ತರ ಸಿಕ್ಕಿತು. ಈ ವರ್ಷ ಬೇಡವೆಂದು ನಾವು ಹೇಳಿದ್ದೆವು. ಮುಂದೆಂದಾದರೂ ಹೋಗುವುದಾದರೆ ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದನ್ನು ಅವರೇ ಬರೆದು ತಂದಿದ್ದರು: ರಾತ್ರಿ 7 ಗಂಟೆ ನಿದ್ದೆಗೆ ಬಿಡುತ್ತೀರಾ, ಮಾತ್ರೆ ಮುಂದುವರಿಸಬಹುದಾ, ಯಾವ ಚಟುವಟಿಕೆಯಿಂದಾದರೂ ಎದ್ದು ಹೋಗಬಹುದಾ, ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತು, ರಾತ್ರಿ ವಾಹನ ಇರುತ್ತದಾ. ಅದನ್ನೇ ಶಿಬಿರದವರಿಗೆ ವಾಟ್ಸಾಪ್ ಮಾಡಿದ್ದರಂತೆ. ಬಂದ ಉತ್ತರದಲ್ಲಿ ಬೇಗ ಕಟ್ಟಿದರೆ ಶುಲ್ಕದಲ್ಲಿ ರಿಯಾಯಿತಿ ಎಂದು ಮಾತ್ರ ಇತ್ತು.