ಬೀರುವಿನಲ್ಲಿ ಫಾಲ್ ಹಚ್ಚದ 41 ಸೀರೆ

(ಆಪ್ತಸಲಹೆ ಪ್ರಕರಣ. ಸಲಹಾರ್ಥಿಯ ಹೆಸರು, ಊರು, ಮನೆಯವರ ಉದ್ಯೋಗ ಬದಲಿಸಲಾಗಿದೆ.)

ಲತಾ ಅವರಿಗೆ 38 ವರ್ಷ. ಗಂಡ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ, ಕೈಗೆ ಸಿಗುವ ಸಂಬಳ 42,000 ರೂಪಾಯಿ. ಲತಾ ಸಂಜೆ ಐದರಿಂದ ಏಳರವರೆಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತಾರೆ, ಅದರಿಂದ 9,000. ಶಾಲೆಗೆ ಹೋಗುವ ಮಕ್ಕಳಿಬ್ಬರು. ಪಕ್ಕದ ಮನೆಯವರು ಒಂದು ಭಾನುವಾರ ಮೂರು ಪಾರ್ಸೆಲ್ ತಂದುಕೊಟ್ಟು, "ಊರಿಗೆ ಹೊರಟ್ವಿ, ನಿಮ್ಮ ಮನೆಯವ್ರು ನಮ್ಮನೇಲಿ ಇಡಿಸಿದ್ರು" ಅಂದಾಗ ವಿಷಯ ಗಂಡನ ಕಿವಿಗೆ ಬಿತ್ತು. ಮೊದಲ ಭೇಟಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ಇವಳಿಗೆ ಸೀರೆ ಹುಚ್ಚು ಹಿಡಿದಿದೆ ಮೇಡಂ."

ಲೆಕ್ಕ ಬರೆದಾಗ ಕಂಡದ್ದು ಹೀಗೆ. 11 ತಿಂಗಳಲ್ಲಿ 64 ಸೀರೆ, ಒಟ್ಟು 86,900 ರೂಪಾಯಿ. ಎರಡು ಆಪ್‌ಗಳ ಪೇ ಲೇಟರ್ (ಈಗ ಕೊಂಡು ಆಮೇಲೆ ಕಟ್ಟುವ ಸಾಲ) ಬಾಕಿ 23,400. ಉಂಗುರ ಮತ್ತು ಸಣ್ಣ ಸರ ಅಡವಿಟ್ಟು ತಂದದ್ದು 30,000. ತಂಗಿಯಿಂದ ಕೈಸಾಲ 15,000. 64ರಲ್ಲಿ 41 ಸೀರೆಗಳಿಗೆ ಇನ್ನೂ ಫಾಲ್, ಜಿಗ್‌ಜ್ಯಾಗ್ ಆಗಿರಲಿಲ್ಲ, ರವಿಕೆ ಕಣ ಕತ್ತರಿಸಿರಲಿಲ್ಲ. ನಮ್ಮ ಮಟ್ಟಿಗೆ ಮುಖ್ಯ ಅಂಕಿ ಈ 41. ಉಡಬೇಕೆಂದು ಸೀರೆ ಕೊಂಡವರು ವಾರದೊಳಗೆ ಫಾಲ್‌ಗೆ ಕೊಡುತ್ತಾರೆ. ಇಲ್ಲಿ ಪಾರ್ಸೆಲ್ ಬಿಚ್ಚಿ, ಸೆರಗು ಒಮ್ಮೆ ಹರಡಿ ನೋಡಿದ ಮೇಲೆ ಸೀರೆಯ ಕೆಲಸ ಮುಗಿದುಹೋಗುತ್ತಿತ್ತು.

ಹಾಗಾದರೆ ಲತಾ ಕೊಳ್ಳುತ್ತಿದ್ದದ್ದು ಏನನ್ನು? ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ, ಯುಪಿಐ ಆಪ್‌ನಲ್ಲಿ ಪ್ರತಿ ಪಾವತಿಯ ಹೊತ್ತು ನೋಡಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತರಲು ಹೇಳಿದೆವು. ಹೆಚ್ಚುಕಡಿಮೆ ಎಲ್ಲ ಪಾವತಿಗಳೂ ಎರಡೇ ಹೊತ್ತಿನಲ್ಲಿ ಗುಂಪುಗಟ್ಟಿದ್ದವು: ಮಧ್ಯಾಹ್ನ 3ರಿಂದ 4, ರಾತ್ರಿ 10.30ರ ಮೇಲೆ. ಮಧ್ಯಾಹ್ನದ್ದು ಲೈವ್ ಸೇಲ್‌ನ, ಅಂದರೆ ಇನ್‌ಸ್ಟಾಗ್ರಾಂ ನೇರಪ್ರಸಾರದಲ್ಲಿ ಸೀರೆ ಮಾರುವ ಹೊತ್ತು. ಮಕ್ಕಳು ಶಾಲೆಯಲ್ಲಿ, ಗಂಡ ಆಫೀಸಿನಲ್ಲಿ, ಟ್ಯೂಷನ್ ಶುರುವಾಗುವುದಕ್ಕೆ ಇನ್ನೂ ಒಂದೆರಡು ಗಂಟೆ. ರಾತ್ರಿಯದು ಎಲ್ಲರೂ ಮಲಗಿದ ಮೇಲೆ ರೀಲ್ಸ್ ನೋಡುವ ಹೊತ್ತು.

ಲೈವ್ ಸೇಲ್ ನೋಡದವರಿಗಾಗಿ ಅದರ ನಡೆ ಹೇಳಬೇಕು. ಮಾರುವಾಕೆ ಒಂದೊಂದೇ ಸೀರೆ ಬಿಚ್ಚಿ ಭುಜದ ಮೇಲೆ ಹಾಕಿ ತೋರಿಸುತ್ತಾಳೆ, ಕೋಡ್ ಮತ್ತು ಬೆಲೆ ಹೇಳುತ್ತಾಳೆ. ಸಿಂಗಲ್ ಪೀಸ್, ಮತ್ತೆ ಬರಲ್ಲ. ಬೇಕಾದವರು ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ಗೆ ಹಾಕಬೇಕು. 10 ನಿಮಿಷ ಹೋಲ್ಡ್, ಅಷ್ಟರಲ್ಲಿ ಹಣ ಬಾರದಿದ್ದರೆ ಸೀರೆ ಮುಂದಿನವರಿಗೆ. ಇದರ ನಡುನಡುವೆ ಕಾಮೆಂಟ್ ಓದುತ್ತ ಹೆಸರು ಹಿಡಿದು ಕರೆಯುತ್ತಾಳೆ: "ಲತಕ್ಕ ಬಂದ್ರು, ಊಟ ಆಯ್ತಾ ಅಕ್ಕ? ಈ ರಾಮಾ ಗ್ರೀನ್ ನಿಮ್ಗೇ ಅಂತ ಎತ್ತಿಟ್ಟಿದ್ದೆ." ನೂರಾರು ಜನ ನೋಡುತ್ತಿರುವಾಗ ಹೆಸರು ಹಿಡಿದು ಊಟದ ವಿಚಾರ ಕೇಳುವವರು ಲತಾ ಅವರ ದಿನದಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನು ಅವರು ಹೇಳಿದ್ದು ಮೂರನೇ ಭೇಟಿಯಲ್ಲಿ, ಗಂಡ ಹೊರಗೆ ಕೂತಿದ್ದಾಗ.

ಮೊದಲೂ ಜನ ಮರುಳಾಗಿಯೇ ಸೀರೆ ಕೊಳ್ಳುತ್ತಿದ್ದರು. ಆದರೆ ಅಂಗಡಿಯ ಗಾದಿಯ ಮೇಲೆ ಕೂತು ಮೂವತ್ತು ಸೀರೆ ಬಿಚ್ಚಿಸಿಯೂ "ಆಮೇಲೆ ಬರ್ತೀವಿ" ಎಂದು ಎದ್ದು ಬರುವ ರೂಢಿ ಇತ್ತು. ಅಂಗಡಿಯವನೂ ಬೇಸರಿಸದೆ ಸೀರೆ ಮಡಿಸುತ್ತಿದ್ದ. ಲೈವ್‌ನಲ್ಲಿ ಆ ಮಾತಿಗೆ ಜಾಗವಿಲ್ಲ. ಮಾರುವವಳು ಅಕ್ಕ ಅಂದಮೇಲೆ ಬೇಡ ಅನ್ನುವುದು ನೆಂಟರ ಮನೆಯಲ್ಲಿ ತಟ್ಟೆ ಸರಿಸಿದ ಹಾಗೆ. ಇನ್ನೊಂದು ಒತ್ತಡ ಮನೆಮಂದಿಯಿಂದಲೇ ಬಂದದ್ದು. ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೊ ಹಾಕಿದ ಸೀರೆಯನ್ನು ಮುಂದಿನ ಸಮಾರಂಭಕ್ಕೆ ಉಟ್ಟಾಗ ನಾದಿನಿ "ಇದು ಗೃಹಪ್ರವೇಶದ್ದಲ್ವಾ?" ಎಂದು ಕೇಳಿದ್ದರಂತೆ. ಮೊದಲೆಲ್ಲ ಯುಗಾದಿ, ಗೌರಿಹಬ್ಬ, ಮದುವೆ ಎಂದು ವರ್ಷಕ್ಕೆ ನಾಲ್ಕೈದು ಸಲ ಹೊಸ ಸೀರೆಯ ಮಾತು ಬರುತ್ತಿತ್ತು. ಈಗ ಶುಕ್ರವಾರ ಶುಕ್ರವಾರ ಹೊಸ ಕಲೆಕ್ಷನ್.

ಸಲಹೆ ಶುರುಮಾಡುವ ಮೊದಲು ಕೆಲವನ್ನು ತಳ್ಳಿಹಾಕಬೇಕಿತ್ತು. ನಿದ್ದೆ ಕಡಿಮೆಯಾದರೂ ದಣಿವಿಲ್ಲದಿರುವುದು, ಮಾತಿನ ಓಟ, ದೊಡ್ಡ ದೊಡ್ಡ ಯೋಜನೆ, ಸೀರೆಯಷ್ಟೇ ಅಲ್ಲದೆ ಎಲ್ಲದಕ್ಕೂ ಹಣ ಚೆಲ್ಲುವುದು ಇದ್ದರೆ ಅದು ಉನ್ಮಾದದ ಹಂತವಿರಬಹುದು, ಮನೋವೈದ್ಯರಿಗೆ ಕಳಿಸಲೇಬೇಕು. ಪಾರ್ಕಿನ್ಸನ್ಸ್‌ಗೆ ಕೊಡುವ ಕೆಲವು ಔಷಧಿಗಳಿಂದಲೂ ಹೀಗೆ ಕೊಳ್ಳುವ ಚಟ ಹತ್ತುವುದುಂಟು, ಆದ್ದರಿಂದ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಕೇಳುತ್ತೇವೆ. ಖಿನ್ನತೆಯ ಪ್ರಶ್ನಾವಳಿಯಲ್ಲಿ ಲತಾ ಅವರಿಗೆ ಸೌಮ್ಯ ಮಟ್ಟ ಬಂತು. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿದೆವು, ಇರಲಿಲ್ಲ. ಬಚ್ಚಿಟ್ಟ ಸಾಲ ಬಯಲಾದ ವಾರದಲ್ಲಿ ಈ ಪ್ರಶ್ನೆ ಬಿಡಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಉಳಿಸಿಸಿದೆವು. ಬೆಂಗಳೂರಿಗೆ ಹೋಗಿಬರಬಲ್ಲವರಿಗೆ ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ ಶಟ್ ಕ್ಲಿನಿಕ್ ಫೋನ್, ಇಂಟರ್‌ನೆಟ್‌ನ ಅತಿಬಳಕೆಗೆಂದೇ ಇದೆ. ಈ ಪ್ರಕರಣಕ್ಕೆ ಅದು ಬೇಕಾಗಲಿಲ್ಲ.

ನಮ್ಮಲ್ಲಿಗೆ ಬರುವ ಮೊದಲೇ ಗಂಡ ಒಂದು ಮದ್ದು ಮಾಡಿದ್ದರು: ಇನ್‌ಸ್ಟಾಗ್ರಾಂ ತೆಗೆದುಹಾಕಿದ್ದರು. ಒಂಬತ್ತನೇ ದಿನಕ್ಕೆ ಮತ್ತೆ ಖರೀದಿ ನಡೆಯಿತು. ಆಪ್ ಹೋದರೂ ಮಾರುವವರ ವಾಟ್ಸಾಪ್ ಗುಂಪುಗಳು ಉಳಿದಿದ್ದವು, ಅಲ್ಲಿಗೆ ಲೈವ್‌ನ ಕೊಂಡಿ ಬರುತ್ತಿತ್ತು, ಅದು ಬ್ರೌಸರ್‌ನಲ್ಲೂ ತೆರೆಯುತ್ತದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ ಹಣದ ದಾರಿಯನ್ನು ಯಾರೂ ಮುಟ್ಟಿರಲಿಲ್ಲ. ಸಂಬಳದ ಜಂಟಿ ಖಾತೆಯೇ ಯುಪಿಐಗೆ ಜೋಡಣೆಯಾಗಿತ್ತು. ಬೇಕು ಅನ್ನಿಸುವುದಕ್ಕೂ ಹಣ ಹೋಗುವುದಕ್ಕೂ ನಡುವೆ ಇದ್ದದ್ದು ಒಂದು ಪಿನ್ ಮಾತ್ರ.

ಆದ್ದರಿಂದ ನಾವು ಹಣದಿಂದ ಶುರುಮಾಡಿದೆವು. ಜಂಟಿ ಖಾತೆಯನ್ನು ಲತಾ ಅವರ ಯುಪಿಐ ಆಪ್‌ನಿಂದ ತೆಗೆಸಿ, ಅವರದೇ ಹೆಸರಿನ ಹಳೆಯ ಉಳಿತಾಯ ಖಾತೆಯನ್ನು ಮಾತ್ರ ಜೋಡಿಸಿದ್ದಾಯಿತು. ಅದಕ್ಕೆ ತಿಂಗಳ ಒಂದನೇ ತಾರೀಕು 2,000 ರೂಪಾಯಿ, ಯಾರೂ ಲೆಕ್ಕ ಕೇಳುವಂತಿಲ್ಲ. ಗಂಡ ಇದಕ್ಕೆ ಮೊದಲು ಒಪ್ಪಲಿಲ್ಲ, "ಮತ್ತೆ ದುಡ್ಡು ಕೊಡೋದಾ?" ಎಂದರು. ಪೂರ್ತಿ ಕೈ ಕಟ್ಟಿದರೆ ಮುಂದಿನ ಸಲ ಹಣ ಹುಟ್ಟುವುದು ತಂಗಿಯಿಂದಲೋ ಅಡವಿನಿಂದಲೋ ಎಂದು ಅವರದೇ ಸಾಲದ ಪಟ್ಟಿ ತೋರಿಸಿ ಹೇಳಬೇಕಾಯಿತು. ಟ್ಯೂಷನ್ ಹಣ ಜಂಟಿ ಖಾತೆಗೆ. ಶಾಪಿಂಗ್ ಆಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಮತ್ತು ವಿಳಾಸ ಅಳಿಸಿದರು, ಪಕ್ಕದ ಮನೆಯ ವಿಳಾಸವೂ ಸೇರಿ.

ಫೋನಿನ ಕೆಲಸ ಆಮೇಲೆ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಕಂಟೆಂಟ್ ಪ್ರಿಫರೆನ್ಸಸ್ ಒಳಗೆ ರೀಸೆಟ್ ಸಜೆಸ್ಟೆಡ್ ಕಂಟೆಂಟ್ ಎಂದಿದೆ. ಅದನ್ನು ಒತ್ತಿದರೆ ರೀಲ್ಸ್‌ನಲ್ಲಿ ಬರುವ ಸಲಹೆಗಳು ಹೊಸದಾಗಿ ಶುರುವಾಗುತ್ತವೆ, ಆದರೆ ಮುಂದೆ ಒಂದೆರಡು ದಿನ ಸೀರೆಯನ್ನೇ ನೋಡಿದರೆ ಮತ್ತೆ ಸೀರೆಯೇ ಬರುತ್ತದೆ. ಜಾಹೀರಾತು ಇದರಿಂದ ನಿಲ್ಲುವುದಿಲ್ಲ, ಅದಕ್ಕೆ ಆ್ಯಡ್ ಪ್ರಿಫರೆನ್ಸಸ್‌ಗೆ ಬೇರೆಯಾಗಿ ಹೋಗಿ ಆ ವಿಷಯ ಕಡಿಮೆ ಮಾಡಿಸಬೇಕು. ಮಾರುವವರ ಪ್ರತಿ ಪುಟದ ಗಂಟೆ ಗುರುತಿನಲ್ಲಿ ಲೈವ್ ಸೂಚನೆ ಆಫ್. ಏಳು ವಾಟ್ಸಾಪ್ ಗುಂಪುಗಳಲ್ಲಿ ಐದರಿಂದ ಹೊರಬಂದರು, ಎರಡನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿದರು. ಎಲ್ಲವನ್ನೂ ಒಂದೇ ದಿನ ಬಿಡಿಸಬಾರದು, ಬಿಡಿಸಿದರೆ ಮಧ್ಯಾಹ್ನದ ಆ ಖಾಲಿ ಹೊತ್ತು ಹಾಗೇ ಉಳಿದು ಎರಡರಷ್ಟು ಎಳೆಯುತ್ತದೆ.

ಕೊಳ್ಳುವ ಮೊದಲು 3 ದಿನ ತಡೆಯಿರಿ ಎಂಬುದು ಎಲ್ಲರಿಗೂ ಹೇಳುವ ಸಲಹೆ. ಲತಾ ತಕ್ಷಣ ಹೇಳಿದರು: "ಮೇಡಂ, ಮೂರು ದಿನ ಎಲ್ಲಿ ಬಂತು, ಮೂರು ನಿಮಿಷಕ್ಕೆ ಹೋಗಿಬಿಡುತ್ತೆ." ಮಾತು ಸರಿಯೇ. ಅದಕ್ಕೆ ಬೇರೆ ದಾರಿ ಹಿಡಿದೆವು. ಎರಡು ವಾರ ಲೈವ್ ನೋಡಲಿ, ಕೊಳ್ಳುವುದು ಬೇಡ. ಬೇಕೆನ್ನಿಸಿದ ಸೀರೆಯ ಕೋಡ್, ಬೆಲೆ, ಹೊತ್ತು, ಆಗ ಮನಸ್ಸು ಹೇಗಿತ್ತು, ಎಷ್ಟು ಬೇಕನ್ನಿಸಿತು (10ಕ್ಕೆ ಎಷ್ಟು) ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೂರನೇ ದಿನ ಮಾರುವವರ ಪುಟ ತೆರೆಯದೆ, ಆ ಸೀರೆಯ ಬಣ್ಣ, ಅಂಚು ನೆನಪಿದೆಯೇ ಎಂದು ನೋಡಿ ಮತ್ತೆ ಅಂಕ ಹಾಕುವುದು. ಎರಡು ವಾರದಲ್ಲಿ 19 ಕೋಡ್ ಬರೆದಿದ್ದರು, ಬಹುತೇಕ 8, 9 ಅಂಕದವು. ಮೂರನೇ ದಿನ ನೆನಪಿದ್ದದ್ದು 3. ಈ ಪುಟವನ್ನು ಅವರೇ ಎರಡು ಸಲ ತಿರುವಿ ನೋಡಿದರು. ನಾವು ಏನನ್ನೂ ಸೇರಿಸಿ ಹೇಳಲಿಲ್ಲ. ಮನಸ್ಸಿನ ಕಾಲಂನಲ್ಲಿ ಹನ್ನೊಂದು ಕಡೆ "ಬೇಜಾರು" ಎಂದೇ ಇತ್ತು. ಮಧ್ಯಾಹ್ನದ ಹೊತ್ತಿಗೆ ವಾರದಲ್ಲಿ ಎರಡು ದಿನ ಟ್ಯೂಷನ್‌ನ ಒಂದು ಬ್ಯಾಚ್, ಒಂದು ದಿನ ತಂಗಿಯ ಮನೆ ಎಂದು ಅವರೇ ಹೊಂದಿಸಿಕೊಂಡರು.

ಸಾಲದ ಕ್ರಮ ಹೀಗೆ ಹಾಕಿದೆವು. ತಡವಾದರೆ ದಂಡ ಬೀಳುವುದು, ಸಿಬಿಲ್ ಅಂಕ (ಸಾಲ ತೀರಿಸುವ ನಡತೆಗೆ ಸಿಗುವ ಅಂಕ) ಕೆಡುವುದು ಪೇ ಲೇಟರ್‌ನಲ್ಲಿ, ಹಾಗಾಗಿ ಅದು ಮೊದಲು. ಚಿನ್ನಕ್ಕೆ ಬಡ್ಡಿ ಮಾತ್ರ ಕಟ್ಟುತ್ತ ಅವಧಿ ಮುಗಿಯುವ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡುವುದು. ತಂಗಿಗೆ ಬಡ್ಡಿಯಿಲ್ಲ, ಆದರೆ ಯಾವ ತಿಂಗಳಿಂದ ಕೊಡುತ್ತೇನೆಂದು ಈಗಲೇ ಬಾಯಿಬಿಟ್ಟು ಹೇಳುವುದು. ಫಾಲ್ ಹಚ್ಚದವುಗಳಲ್ಲಿ 17 ಸೀರೆ ಮಾರಿ 11,900 ಬಂತು. ಮಾರಾಟಕ್ಕೆ ಅದೇ ಆನ್‌ಲೈನ್ ಗುಂಪುಗಳು ಬೇಡವೆಂದು ಹಟ ಹಿಡಿದೆವು, ಮಾರಲು ಹೋದವರು ಅಲ್ಲೇ ಇನ್ನೆರಡು ಕೊಂಡು ಬರುತ್ತಾರೆ. ಪರಿಚಯದ ಟೈಲರ್ ಅಂಗಡಿಯಲ್ಲಿ ಇಟ್ಟರು. ಪೇ ಲೇಟರ್‌ನಲ್ಲಿ ಉಳಿದ 11,500 ಎರಡು ಕಂತಿನಲ್ಲಿ ತೀರಿತು. ತೀರಿದ ಮೇಲೆ ಆಪ್ ಅಳಿಸಿದರೆ ಸಾಲದು: ಸಾಲದ ಮಿತಿ ಹಾಗೇ ತೆರೆದಿರುತ್ತದೆ. ಖಾತೆ ಮುಚ್ಚಲು ಬರೆದು ಕೇಳಿ, ಬಾಕಿಯಿಲ್ಲ ಎಂಬ ಪತ್ರ ಪಡೆದು, ಎರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿಯಲ್ಲಿ ಅದು ಮುಚ್ಚಿದೆ ಎಂದು ಬಂದಿದೆಯೇ ನೋಡಬೇಕು. ವರ್ಷಕ್ಕೊಂದು ಪೂರ್ಣ ವರದಿ ಉಚಿತ.

ಒಂದು ಸೀರೆಯ ವಿಷಯದಲ್ಲಿ ಲತಾ ಮೋಸಹೋಗಿದ್ದರು. 1,450 ರೂಪಾಯಿಗೆ "ಕೈಮಗ್ಗದ ಇಳಕಲ್" ಎಂದು ಬಂದದ್ದು ಪವರ್‌ಲೂಮ್ ಪಾಲಿಯೆಸ್ಟರ್. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸಿನ (ಉದ್ದಕ್ಕೆ ಹೋಗುವ) ಎಳೆಗಳಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ಬೆರಳಿಗೆ ತಾಗಿಸಿ, ತಿರುವಿ ನೋಡಿದರೆ ಗೊತ್ತಾಗುತ್ತದೆ. ಲೈವ್‌ನಲ್ಲಿ ಆ ಜಾಗ ಕಾಣುವುದೇ ಇಲ್ಲ. "ನೋ ರಿಟರ್ನ್, ನೋ ಎಕ್ಸ್‌ಚೇಂಜ್" ಎಂದು ಹಾಕಿಕೊಂಡಿದ್ದರಿಂದ ಲತಾ ಸುಮ್ಮನಾಗಿದ್ದರು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತೋರಿಸಿದ್ದೇ ಬೇರೆ, ಕಳಿಸಿದ್ದೇ ಬೇರೆ ಆದಾಗ ಮಾರುವವರು ವಾಪಸ್ ಪಡೆಯಲು ಒಲ್ಲೆ ಅನ್ನುವಂತಿಲ್ಲ. ಲೈವ್‌ನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ, ಯುಪಿಐ ವಹಿವಾಟಿನ ಸಂಖ್ಯೆ, ಕೊರಿಯರ್ ಚೀಟಿ ಜೋಡಿಸಿ ಮೊದಲು ಮಾರುವವರಿಗೇ ಬರೆಸಿದೆವು, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 1915ರ ಹೆಸರು ಬರೆದ ಮೇಲೆ ಹಣ ವಾಪಸ್ ಬಂತು. ಹಣಕ್ಕಿಂತ, ಅಕ್ಕ ಅಕ್ಕ ಎನ್ನುತ್ತಿದ್ದ ಆ ಮಾರುವಾಕೆ ಎರಡು ದಿನ ಮೆಸೇಜ್ ನೋಡಿಯೂ ಉತ್ತರಿಸದೆ ಇದ್ದದ್ದು ಲತಾ ಅವರ ಮೇಲೆ ಪರಿಣಾಮ ಮಾಡಿತು. ಲೈವ್ ಮಾಡುವವರೆಲ್ಲ ಹೀಗೆಂದಲ್ಲ. ಅಂಗಡಿ ಬಾಡಿಗೆ ಕೊಡಲಾಗದ ಎಷ್ಟೋ ಹೆಂಗಸರು, ನೇಕಾರರ ಮನೆಗಳು ಇದರಿಂದಲೇ ಬದುಕು ಕಟ್ಟಿಕೊಂಡಿವೆ.

ಗಂಡನಿಗೆ ಕೊಟ್ಟ ಸಲಹೆ ಚಿಕ್ಕದು: ಪಾರ್ಸೆಲ್ ತಪಾಸಣೆ ಬೇಡ, ಹುಚ್ಚು ಎಂಬ ಪದ ಬೇಡ, ತಿಂಗಳಿಗೊಮ್ಮೆ ಇಬ್ಬರೂ ಕೂತು ಅರ್ಧ ಗಂಟೆ ಲೆಕ್ಕ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಫೋನ್ ಮಾಡಿ ಎಂದದ್ದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ ಎಂದರು.

ಆರು ತಿಂಗಳಲ್ಲಿ ಲತಾ ನಾಲ್ಕು ಸೀರೆ ಕೊಂಡಿದ್ದಾರೆ. ಅದರಲ್ಲೊಂದು ಜಾರಿದ್ದು: ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ, ತಂಗಿಯ ಫೋನಿನಿಂದ 2,100 ರೂಪಾಯಿ ಕಳಿಸಿ. ಮರುದಿನವೇ ನೋಟ್‌ಬುಕ್ಕಿನಲ್ಲಿ ಬರೆದರು, ಗಂಡನಿಗೂ ಹೇಳಿದರು. ಹಬ್ಬದ ವಾರಕ್ಕೆ ಬೇರೆ ಮೊತ್ತ ಎತ್ತಿಡದಿದ್ದದ್ದು ನಮ್ಮ ಯೋಜನೆಯ ಲೋಪ, ಗೌರಿಹಬ್ಬಕ್ಕೆ ಅದನ್ನು ಸರಿಪಡಿಸಿದೆವು. ಚಿನ್ನ ಇನ್ನೂ ಬಿಡಿಸಬೇಕಿದೆ. ಒಂದು ಲೈವ್ ಅನ್ನು ಈಗಲೂ ಶುಕ್ರವಾರ ನೋಡುತ್ತಾರೆ. "ಲತಕ್ಕ, ಯಾಕೋ ಇತ್ತೀಚೆಗೆ ಬುಕ್ಕೇ ಮಾಡ್ತಿಲ್ಲ?" ಎಂದು ಕೇಳಿದರೆ ಏನು ಬರೆಯಬೇಕೆಂದು ಕೊನೆಯ ಭೇಟಿಯಲ್ಲಿ ಅಭ್ಯಾಸ ಮಾಡಿಸಿದ್ದೆವು. "ಈ ತಿಂಗಳು ಬರೀ ನೋಡೋಕೆ ಬಂದೀನಿ" ಎಂದು ಟೈಪ್ ಮಾಡಿದರಂತೆ. ಆಕೆ ನಕ್ಕು ಮುಂದಿನ ಕೋಡ್ ಹೇಳಿದಳಂತೆ.