ಕೆ, ಎನ್ ಜೋಡಿಯಿಂದ ಆರಂಭವಾಗುವ ಇಂಗ್ಲಿಷ್ ಪದಗಳು ಮತ್ತು ಅವುಗಳ ಅರ್ಥ

ಕೆ ಮತ್ತು ಎನ್ ಅಕ್ಷರಗಳಿಂದ ಆರಂಭವಾಗುವ ಇಂಗ್ಲಿಷ್ ಪದಗಳ ಅರ್ಥವೇನು, ಅವುಗಳಲ್ಲಿ ಕೆ ಏಕೆ ಕೇಳಿಸುವುದಿಲ್ಲ ಎಂದು ತಾವು ಕೇಳಿದ್ದೀರಿ. ನೈಫ್ ಎಂದರೆ ಚಾಕು, ನಾಟ್ ಎಂದರೆ ಗಂಟು, ನಿಟ್ ಎಂದರೆ ಹೆಣೆಯುವುದು, ನಾಕ್ ಎಂದರೆ ಬಾಗಿಲು ತಟ್ಟುವುದು. ನೀಡ್ ಎಂಬುದಕ್ಕೆ ನಾದುವುದು ಎಂದರ್ಥ. ನಮ್ಮ ರಾಯಚೂರಿನ ಮನೆಗಳಲ್ಲಿ ರೊಟ್ಟಿ ಬಡಿಯುವ ಮೊದಲು ಬಿಸಿನೀರು ಹಾಕಿದ ಜೋಳದ ಹಿಟ್ಟನ್ನು ಅಂಗೈಯಿಂದ ಒತ್ತಿ ಒತ್ತಿ ಮೆದು ಮಾಡುವ ಕೆಲಸವೇ ಅದು. ಕೆ ಇಲ್ಲದೆ ಬರೆಯುವ ಇನ್ನೊಂದು ನೀಡ್ ಪದಕ್ಕೆ ಅಗತ್ಯ ಎಂಬ ಅರ್ಥವಿದ್ದು, ಕಿವಿಗೆ ಎರಡೂ ಒಂದೇ ಆಗಿರುವುದರಿಂದ ಸ್ಪೆಲಿಂಗ್ ನೋಡಿಯೇ ಅರ್ಥ ಹಿಡಿಯಬೇಕು.

ಹಳೆಯ ಇಂಗ್ಲಿಷಿನಲ್ಲಿ ಈ ಕೆ ಸ್ಪಷ್ಟವಾಗಿ ಉಚ್ಚಾರವಾಗುತ್ತಿತ್ತು. ಸುಮಾರು 17ನೇ ಶತಮಾನದಲ್ಲಿ ಅದು ಮಾತಿನಿಂದ ಬಿಟ್ಟುಹೋಯಿತಾದರೂ ಬರವಣಿಗೆಯಲ್ಲಿ ಉಳಿದುಕೊಂಡಿತು. ಜರ್ಮನ್ನರು ಮೊಣಕಾಲಿಗೆ ಇಂದಿಗೂ ಕ್ನೀ ಎಂದೇ ಅನ್ನುತ್ತಾರೆ.

ಇದರಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿಯೊಂದಿದೆ. ಮೊಣಕಾಲು ಎಂಬರ್ಥದ ನೀ ಮತ್ತು ನಾವು ಆಜಾನುಬಾಹು ಎನ್ನುವಾಗ ಬರುವ ಸಂಸ್ಕೃತದ ಜಾನು ಒಂದೇ ಮೂಲದವು; ಹಾಗೆಯೇ ತಿಳಿ ಎಂಬರ್ಥದ ನೋ ಪದಕ್ಕೂ ನಮ್ಮ ಜ್ಞಾನಕ್ಕೂ ಬೇರು ಒಂದೇ, ಅಲ್ಲಿ ಕೆ ಮತ್ತು ಎನ್ ಕೂಡಿದ ಜಾಗದಲ್ಲಿ ಇಲ್ಲಿ ಜ ಮತ್ತು ಞ ಕೂಡಿವೆ.