ಹೆತ್ತವರನ್ನು ಮೊದಲು ಕೂರಿಸಿ, ಆಮೇಲೆ ಚೀಟಿ ಡಬ್ಬ ಇಡಿ

ನಮಸ್ಕಾರ. ಕಾಪು ಹತ್ತಿರದ ಹೈಸ್ಕೂಲಿನಲ್ಲಿ ನಿಮ್ಮ ಯುವಕ ಮಂಡಲ ಹದಿಹರೆಯದ ಆರೋಗ್ಯದ ಬಗ್ಗೆ ನಾಟಕ ಮಾಡಬಹುದಾ, ಹೆತ್ತವರು ಬೇಡ ಅಂದರೆ ಏನು ಮಾಡುವುದು ಅಂತ ಕೇಳಿದ್ದೀರಿ. ಖಂಡಿತ ಮಾಡಿ. ಮಕ್ಕಳಿಗೆ ಏನೇನು ಹೇಳುತ್ತೀರೋ ಅದನ್ನೆಲ್ಲ ಮೊದಲು ಹೆತ್ತವರಿಗೇ ತೋರಿಸಿ. ನಾವು ಮಾಡಿದಾಗ ಅರ್ಧ ವಿರೋಧ ಅಲ್ಲೇ ಕರಗಿತ್ತು.

ನಾಟಕಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಬಿಸ್ಕತ್ತಿನ ಡಬ್ಬ. ಹೆಸರು ಬರೆಯದೆ ಪ್ರಶ್ನೆಯ ಚೀಟಿ ಹಾಕಿ ಅಂತ ಮಕ್ಕಳಿಗೆ ಅಂದೆವು. ಮುಟ್ಟಿನ ಹೊಟ್ಟೆನೋವು, ಬಿಳಿಸೆರಗು ಎಲ್ಲ ಬಂತು. ಆದರೆ ಹುಡುಗರ ಚೀಟಿಗಳಲ್ಲಿ ಬರೀ ಹೆದರಿಕೆ. ನಿದ್ದೆಯಲ್ಲಿ ವೀರ್ಯ ಹೋಗುವುದು ದೊಡ್ಡ ಕಾಯಿಲೆ ಅಂತ ತಿಳಿದಿದ್ದರು. ಆ ವಯಸ್ಸಿಗೆ ಅದು ಸಹಜ ಅಂತ ಪಾಪ, ಯಾರೂ ಹೇಳಿಯೇ ಇರಲಿಲ್ಲ. ದಯವಿಟ್ಟು ಹುಡುಗರನ್ನು ಹೊರಗೆ ಕಳಿಸಬೇಡಿ.

ಉತ್ತರ ಹೇಳಲು ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನವರನ್ನು ಕರೆಯಿರಿ. 10ರಿಂದ 19 ವರ್ಷದವರಿಗಾಗಿಯೇ ಇರುವ ಸೇವೆ ಅದು. ಮಕ್ಕಳು ಆಮೇಲೆ ಒಬ್ಬರೇ ಹೋಗಿ ಮಾತಾಡಲೂ ಮುಖಪರಿಚಯ ಇರುತ್ತದೆ, ಅಲ್ವಾ?

ಮಣಿಪಾಲದ ಸಮುದಾಯ ಬಾನುಲಿ, 90.4ರಲ್ಲಿ ಬರುವ ರೇಡಿಯೋ ಮಣಿಪಾಲ್, ಅವರನ್ನೂ ಕೇಳಿ ನೋಡಿ. ಚೀಟಿಯ ಪ್ರಶ್ನೆಗಳನ್ನು ತುಳುವಿನಲ್ಲೂ ಓದಿದರೆ ಅಮ್ಮಂದಿರಿಗೂ ತಲುಪುತ್ತದೆ. ಇನ್ನೊಂದು ವಿಷಯ: ಯಾವುದಾದರೂ ಚೀಟಿಯಲ್ಲಿ ದೌರ್ಜನ್ಯದ ಸುಳಿವಿದ್ದರೆ ಅದನ್ನು ವೇದಿಕೆಯಲ್ಲಿ ಓದಬೇಡಿ, ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.